ಹುಲಿ ಕಂಡಿತೆ?

ಕಾಡಿಗೆ ಹೋಗಿ ಬಂದವರನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆಯು ಒಂದೇ: “ಹುಲಿ ಕಂಡಿತೆ?” ಕಾಶಿಗೆ ಹೋಗಿ ಬಂದವರನ್ನು ವಿಶ್ವನಾಥನ ದರ್ಶನವಾಯಿತೆ ಎಂದು ಕೇಳುವ ಹಾಗೆಯೇ ಇದು. ದರ್ಶನವಾಗಿದ್ದರೆ ಯಾತ್ರೆಯು ಸಫಲ. ಆಗದಿದ್ದರೆ ತೆತ್ತ ಹಣವೂ ಕಳೆದ ದಿನವೂ ವ್ಯರ್ಥವೆಂದು ಎಣಿಕೆ. ೨೦೨೫ರ ದಸರೆಯ ರಜೆಯಲ್ಲಿ ನಾವು ಮನೆಮಂದಿಯೊಡನೆ ಮೈಸೂರಿಗೆ ಹೋಗಿ, ಅಲ್ಲಿಂದ ಹೆಗ್ಗಡದೇವನಕೋಟೆಯ ಸೀಮೆಗೆ ನಡೆದು, ನಾಗರಹೊಳೆಯ ರಾಷ್ಟ್ರೀಯ ಉದ್ಯಾನವನ್ನು ನೋಡಿ ಬಂದೆವು. ನಮಗೆ ಹುಲಿ ಕಾಣಲಿಲ್ಲ. ಈ ಸಂಗತಿಯನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಹುಲಿಯ ವರ್ಣನೆಯನ್ನು ನಿರೀಕ್ಷಿಸಿ ಓದತೊಡಗಿದ ವಾಚಕರು ಕೊನೆಯಲ್ಲಿ ನಮ್ಮ ಮೇಲೆ ಕೋಪಿಸಿಕೊಳ್ಳಬಾರದಷ್ಟೆ.

ಮಧ್ಯಾಹ್ನದ ಬಿಸಿಲು ಇಳಿಯುವ ವೇಳೆಗೆ ದಮ್ಮನಕಟ್ಟೆಯ ದ್ವಾರದಿಂದ ನಮ್ಮ ವಾಹನವು ಒಳಹೊಕ್ಕಿತು. ನಮ್ಮೊಡನೆ ಬೆಂಗಳೂರಿನ ಇನ್ನೆರಡು ಸಂಸಾರಗಳಿದ್ದವು. ಮಳೆಗಾಲವು ಆಗತಾನೆ ಮುಗಿದಿದ್ದುದರಿಂದ ಕಾಡೆಲ್ಲವೂ ಹಸುರು. ಮೊದಲು ಕಂಡ ಜಿಂಕೆಯ ಹಿಂಡಿಗೆ ಎಲ್ಲರೂ ಎದ್ದು ನಿಂತರು. ಎರಡನೆಯ ಹಿಂಡಿಗೆ ಅರ್ಧಮಂದಿ ನಿಂತರು. ಮೂರನೆಯದಕ್ಕೆ ಯಾರೂ ಕತ್ತನ್ನು ಹೊರಳಿಸಲಿಲ್ಲ. ಕೆಂಜಳಿಲೊಂದು ಕೊಂಬೆಯಿಂದ ಕೊಂಬೆಗೆ ಹಾರಿದ್ದನ್ನು ನಮ್ಮ ಕಿರಿಯ ಹುಡುಗನೊಬ್ಬನೇ ಗಮನಿಸಿದನು. ಕಾಟಿಗಳೆರಡು ದಾರಿಯ ಮಗ್ಗುಲಲ್ಲಿ ನಿಂತು ಮೆಲುಕು ಹಾಕುತ್ತಿದ್ದವು. ನಮ್ಮ ಜೊತೆಗಾರರೊಬ್ಬರು, “ಎಮ್ಮೆಗಳನ್ನು ಊರಿನಲ್ಲಿಯೂ ನೋಡಬಹುದು, ಮುಂದಕ್ಕೆ ನಡೆಯಿರಿ” ಎಂದರು. ಅಷ್ಟರಲ್ಲಿ ಎಲ್ಲಿಯೋ ಮುಸುವವೊಂದು ಕೆಮ್ಮಿದಂತೆ ಕೂಗಿತು. ಕೂಡಲೆ ನಾಲ್ಕು ದಿಕ್ಕಿನಿಂದ ಏಳೆಂಟು ವಾಹನಗಳು ಬಂದು ಒಂದೇ ಪೊದೆಯ ಮುಂದೆ ಸಾಲಾಗಿ ನಿಂತುವು. ಮುಕ್ಕಾಲು ಗಂಟೆಯ ಹೊತ್ತು ನಾವೆಲ್ಲರೂ ಆ ಪೊದೆಯನ್ನು ನೋಡಿದೆವು. ಜನ್ಮದಲ್ಲಿ ಯಾವ ಪೊದೆಯನ್ನೂ ನಾವು ಅಷ್ಟು ಶ್ರದ್ಧೆಯಿಂದ ನೋಡಿದ್ದಿಲ್ಲ. ಕೊನೆಗೆ ಹುಡುಗನು, “ನಮಗೆ ಹುಲಿ ಕಾಣಲಿಲ್ಲ, ಸರಿ, ಹುಲಿಗೆ ನಾವು ಕಂಡೆವೆ?” ಎಂದು ಕೇಳಿದನು. ಚಾಲಕನು ನಕ್ಕು, “ನಾವು ಬಂದಾಗ್ಲೇ ನೋಡಿರ್ತದೆ ಮರಿ” ಎಂದನು.

ಈ ಚಾಲಕನು ಕಾಡಿನ ಅಂಚಿನ ಹಳ್ಳಿಯವನು, ಒಕ್ಕಲಿನ ಮಗನು. ಹಿಂದಕ್ಕೆ ಬರುವಾಗ ನಮ್ಮ ಪೆಚ್ಚುಮೋರೆಗಳನ್ನು ಕಂಡು ಅವನಿಗೆ ಕನಿಕರವಾಯಿತೆಂದು ತೋರುತ್ತದೆ. “ನಮ್ಮ ಹೊಲ ಇಲ್ಲೇ ಇದೆ ಸಾರ್. ರಾತ್ರಿ ಊಟ ಆದ್ಮೇಲೆ ಬನ್ನಿ, ಅಪ್ಪ ಅಟ್ಟಣೆ ಮೇಲೆ ಇರ್ತಾರೆ. ಹುಲಿ ತೋರ್ಸೋಕಾಗಲ್ಲ, ಆದ್ರೆ ಆನೆ ಬಂದ್ರೂ ಬರಬೌದು” ಎಂದನು. ಮನೆಯ ಯಜಮಾನಿತಿಗೆ ಈ ಆಹ್ವಾನವು ಅಷ್ಟೇನೂ ಹಿಡಿಸದಿದ್ದರೂ, ಕತ್ತಲಾಗುವುದಕ್ಕೆ ಮುಂಚೆ ಹೋಗಿ ಮುಂಚೆಯೇ ಬರುವ ಕರಾರಿನ ಮೇಲೆ ನಾವೆಲ್ಲರೂ ಹೋದೆವು.

ಎರಡೆಕರೆಯ ಹೊಲ. ತೆನೆ ಕಟ್ಟುತ್ತಿದ್ದ ರಾಗಿ, ನಡುನಡುವೆ ಅವರೆಯ ಸಾಲು. ಹೊಲದಿಂದಾಚೆಗೆ ಆನೆ ದಾಟದಿರಲೆಂದು ತೋಡಿದ ಕಂದಕ, ಅದರಾಚೆಗೆ ಕಾಡು. ಕಂದಕದ ಅಂಚಿನಲ್ಲಿ ಬಿಸಿಲಿನ ಶಕ್ತಿಯಿಂದ ನಡೆಯುವ ವಿದ್ಯುತ್ತಿನ ತಂತಿ. ಇನ್ನು ಕೆಲವು ಕಡೆಗಳಲ್ಲಿ ಹಳೆಯ ರೈಲು ಕಂಬಿಗಳನ್ನೇ ನೆಟ್ಟು ಬೇಲಿ ಮಾಡಿದ್ದಾರೆ. ಇಷ್ಟೆಲ್ಲ ಇದ್ದರೂ ಆನೆ ಬರುತ್ತದೆಯೆ ಎಂದರೆ ಬರುತ್ತದೆ. ಮಳೆಗೆ ಕಂದಕದ ದಂಡೆ ಕುಸಿದ ಕಡೆಯನ್ನು ಹುಡುಕಿ, ಕಾಲಿನಿಂದ ಮಣ್ಣು ನೂಕಿ ದಾರಿ ಮಾಡಿಕೊಳ್ಳುತ್ತದೆ. ದಂತದಲ್ಲಿ ವಿದ್ಯುತ್ತು ಹರಿಯದೆಂಬುದನ್ನು ತಾನೇ ಕಲಿತು ದಂತದಿಂದ ತಂತಿಯನ್ನು ಕಿತ್ತುಹಾಕುತ್ತದೆ, ಇಲ್ಲವೆ ಒಣಮರವೊಂದನ್ನು ಅದರ ಮೇಲೆ ಕೆಡಹುತ್ತದೆ. ಅಟ್ಟಣೆಯ ಮೇಲೆ ಒಂದು ಕಂಬಳಿ, ಬ್ಯಾಟರಿ ದೀಪ, ಒಂದಿಷ್ಟು ಪಟಾಕಿ, ಬಡಿಯುವುದಕ್ಕೆ ತಗಡಿನ ಡಬ್ಬ. ಮುದುಕರು ಕೆಳಕ್ಕಿಳಿದು ಬಂದು ನಮ್ಮನ್ನು ಉಪಚರಿಸಿದರು.

“ಹುಲಿ ಕಾಣ್ಲಿಲ್ಲ ಅಂತ ನಿಮ್ಗೆಲ್ಲ ಬೇಜಾರು ಅಂದ ನಮ್ಮ ಹೈದ. ಯುಗಾದಿ ಆದ್ಮೇಲೆ ನಮ್ಮ ಕೊಟ್ಟಿಗೆ ಹಿಂದ್ಲಿಂದ್ಲೇ ಕರ ಹೊತ್ಕೊಂಡು ಹೋಯ್ತು ಸ್ವಾಮಿ. ಅವತ್ತು ನೀವು ಬಂದಿದ್ರೆ ಸುಮ್ಕೆ ತೋರಿಸ್ತಿದ್ದೆ” ಎಂದರು. ಸರ್ಕಾರವು ಪರಿಹಾರವನ್ನು ಕೊಡುವುದಿಲ್ಲವೆ ಎಂದು ನಾವು ಕೇಳಿದೆವು. “ಕೊಡ್ತಾರೆ, ಇಲ್ಲ ಅನ್ನೋಕಾಗಲ್ಲ. ಫೋಟೋ ಹಿಡೀಬೇಕು, ಅರ್ಜಿ ಹಾಕ್ಬೇಕು, ನಾಕು ಸಲ ಅಲೀಬೇಕು. ಕರುಗೆ ದುಡ್ಡು ಬತ್ತದೆ. ನಾಕು ತಿಂಗ್ಳು ನಿದ್ದೆ ಹೋಯ್ತಲ್ಲ, ಅದ್ಕೆ ಯಾವ ಆಫೀಸಲ್ಲಿ ಅರ್ಜಿ ಹಾಕ್ಲಿ?”

ಅವರ ಮನೆಯಾಕೆಯು ಬುತ್ತಿಯನ್ನು ತಂದಿದ್ದವರು ನಮ್ಮ ಮನೆಯವರನ್ನು ಪಕ್ಕಕ್ಕೆ ಕರೆದು ಕೇಳಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ: “ನಿಮ್ಮೂರಲ್ಲಿ ಗಂಡಸ್ರು ರಾತ್ರಿ ಮನೇಲೇ ಮಲಗ್ತಾರಾ ಅವ್ವ?” ರಾಗಿ ಕಟಾವಾಗುವ ತನಕ ಆಕೆಯ ಗಂಡನು ಮನೆಯಲ್ಲಿ ಮಲಗುವುದಿಲ್ಲ. ಸಂಜೆಯಾದ ಮೇಲೆ ಹೆಣ್ಣುಮಕ್ಕಳನ್ನು ಬಾವಿಯ ಕಡೆಗೆ ಕಳುಹಿಸುವುದಿಲ್ಲ. ಶಾಲೆಗೆ ಹೋಗುವ ಮಕ್ಕಳು ಒಬ್ಬರಿಗೊಬ್ಬರು ಕಾದು ಗುಂಪಾಗಿ ಹೋಗುತ್ತಾರೆ. ಊರಿನ ಗಂಡುಗಳಿಗೆ ಹೆಣ್ಣು ಕೊಡುವುದಕ್ಕೆ ಬಯಲುಸೀಮೆಯ ನೆಂಟರು ಹಿಂದುಮುಂದು ನೋಡುತ್ತಾರಂತೆ. ಹುಲಿಯ ವಿಷಯವಾಗಿ ನಡೆಯುವ ಸಭೆಗಳಲ್ಲಿ ಈ ಹೆಣ್ಣು ಕೊಡುವ ಮಾತನ್ನು ಯಾರಾದರೂ ಎತ್ತಿರುವರೋ ಇಲ್ಲವೋ ನಾವರಿಯೆವು. ಸಂಸಾರಸ್ಥರಿಗೆ ಅದು ಚಿಕ್ಕ ಮಾತಲ್ಲ.

ಹೀಗೆಂದ ಮಾತ್ರಕ್ಕೆ ಇವರು ಕಾಡಿನ ಹಗೆಗಳೆಂದು ಎಣಿಸಬಾರದು. ಹೊಲದಲ್ಲಿ ಆನೆಯ ಹೆಜ್ಜೆ ಮೂಡಿದ್ದಾಗ ಆ ಮುದುಕರೇ ಅದರ ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ, ಆನೆಯೆಂದರೆ ಗಣಪ. ಹುಲಿಯು ಮಾದಪ್ಪನ ವಾಹನ. “ಮಾದಪ್ಪ ಮೇಲೆ ಕೂತಿದ್ರೆ ಅದ್ರಷ್ಟು ಸಾಧು ಇನ್ನಿಲ್ಲ. ಅವ್ನು ಇಳಿದು ಬೆಟ್ಟಕ್ಕೆ ಹೋಗ್ಬಿಟ್ಟವ್ನೆ, ಅದೇ ಕಷ್ಟ” ಎಂದು ಅವರು ನಕ್ಕರು. ಇದಕ್ಕಿಂತ ನಮಗೆ ವಿಚಿತ್ರವಾಗಿ ಕಂಡದ್ದು ಬೇರೊಂದು. ಆ ಮನೆಗೆ ತಿಂಗಳು ತಿಂಗಳು ನಗದು ಬರುವುದು ಮಗನ ಸಂಬಳದಿಂದ. ಮಗನಿಗೆ ಸಂಬಳ ಬರುವುದು ಹುಲಿಯನ್ನು ನೋಡಲು ನಾವು ಬರುವುದರಿಂದ. ಹುಲಿಯು ಆಗಾಗ ಕಾಣಬೇಕೆಂದು ಮಗನ ಹಾರೈಕೆ. ಎಂದೂ ಕಾಣಬಾರದೆಂದು ತಂದೆಯ ಹರಕೆ. ಇಬ್ಬರೂ ಒಂದೇ ತಟ್ಟೆಯ ಮುಂದೆ ಕುಳಿತು ಉಣ್ಣುತ್ತಾರೆ. ಸ್ಥಳೀಯರು ಹೀಗೆನ್ನುತ್ತಾರೆ, ಪ್ರವಾಸಿಗಳು ಹಾಗೆನ್ನುತ್ತಾರೆ ಎಂದು ಪತ್ರಿಕೆಗಳಲ್ಲಿ ಎರಡು ಕಟ್ಟು ಕಟ್ಟಿ ಬರೆಯುವುದನ್ನು ಓದಿದಾಗಲೆಲ್ಲ ನಮಗೆ ಈಗ ಆ ಮನೆಯ ನೆನಪಾಗುತ್ತದೆ.

ಈ ಕಾಡು ರಾಷ್ಟ್ರೀಯ ಉದ್ಯಾನವಾದ ಬಗೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಮೊದಲು ಇದು ಅರಸರ ಬೇಟೆಯ ಕಾಡು, ತೇಗದ ಕಾಡು, ಆನೆ ಹಿಡಿಯುವ ಕಾಡು. ಕಾಕನಕೋಟೆಯ ಖೆಡ್ಡಾ ಪ್ರಸಿದ್ಧವಾದುದು. ಕೊನೆಯ ಖೆಡ್ಡಾ ನಡೆದದ್ದು ೧೯೭೧ರಲ್ಲಿ. ಬಂಡೀಪುರದ ಕಡೆಯಲ್ಲಿ ಮೈಸೂರು ಮಹಾರಾಜರು ೧೯೪೧ರಲ್ಲಿ ವೇಣುಗೋಪಾಲ ವನ್ಯಮೃಗಧಾಮವನ್ನು ಏರ್ಪಡಿಸಿದರು. ಸ್ವಾತಂತ್ರ್ಯಾನಂತರ ೧೯೫೫ರಲ್ಲಿ ನಾಗರಹೊಳೆಯೂ ಅಭಯಾರಣ್ಯವಾಯಿತು. ೧೯೭೨ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ, ೧೯೭೩ರಲ್ಲಿ ಹುಲಿ ಯೋಜನೆ. ಆ ಯೋಜನೆಗೆ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ನಾಗರಹೊಳೆಯು ೧೯೮೮ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿ, ೧೯೯೯ರಲ್ಲಿ ಹುಲಿ ಯೋಜನೆಗೆ ಸೇರಿತು. ಉದ್ಯಾನವೆಂದ ಮೇಲೆ ಕಾಯಿದೆಯಂತೆ ಅಲ್ಲಿ ದನ ಮೇಯುವಂತಿಲ್ಲ. ಕಾಗದದ ಮೇಲೆ ಇದು ಅರ್ಧ ಸಾಲಿನ ಮಾತು. ದನವಿರುವ ಮನೆಗೆ ಬದುಕಿನ ಅರ್ಧ.

ಪ್ರವಾಸಿಗಳಾದ ನಾವು ಕಬಿನಿಯ ಹಿನ್ನೀರಿನ ದಂಡೆಯಲ್ಲಿ ನಿಂತು, ಸೃಷ್ಟಿಯು ಆದಿಕಾಲದಿಂದಲೂ ಹೀಗೆಯೇ ಇದ್ದಿತೆಂದು ಬೆರಗಾಗುತ್ತೇವೆ. ಆ ನೀರು ಅಲ್ಲಿ ನಿಂತದ್ದು ೧೯೭೪ರಲ್ಲಿ ಅಣೆಕಟ್ಟು ಮುಗಿದ ಮೇಲೆ. ಬೇಸಗೆಯಲ್ಲಿ ನೀರು ಇಳಿದಾಗ ಮೇಲೇಳುವ ಹಸುರು ಹುಲ್ಲಿಗೆ ನೂರಾರು ಆನೆಗಳು ನೆರೆಯುತ್ತವೆ. ದೇಶಾಂತರದಿಂದ ಜನರು ಬಂದು ನೋಡುವ ನೋಟ ಅದು. ಆ ನೀರಿನ ಕೆಳಗೆ ಹಳ್ಳಿಗಳಿವೆ, ಗದ್ದೆಗಳಿವೆ, ಗುಡಿಗಳಿವೆ. ಖೆಡ್ಡಾ ನಡೆದ ನೆಲವೂ ಇದೆ. ನಮ್ಮ ಮುದುಕರ ತಾಯಿಯ ತವರು ಅದರೊಳಗಿದೆ. ಅವರು ಹಿನ್ನೀರನ್ನು ನೋಡುವಾಗ ನಾವು ನೋಡುವುದನ್ನೇ ನೋಡುತ್ತಾರೆಂದು ಹೇಳಲಾಗದು.

ಹೊಲದ ಒಕ್ಕಲಿಗೂ ಕಾಡಿನೊಳಗಣ ಹಾಡಿಯವರಿಗೂ ಭೇದವುಂಟು. ಪೇಟೆಯವರು ಇಬ್ಬರನ್ನೂ ಒಂದೇ ಚೀಲಕ್ಕೆ ಹಾಕಿ ಸ್ಥಳೀಯರೆಂದುಬಿಡುತ್ತಾರೆ. ಜೇನು ಕುರುಬರು, ಬೆಟ್ಟ ಕುರುಬರು, ಯರವರು ಇವರಿಗೆ ಕಾಡು ನೆರೆಹೊರೆಯಲ್ಲ, ಮನೆ. ಖೆಡ್ಡಾದಲ್ಲಿ ಆನೆಯ ಜಾಡು ಹಿಡಿದವರು ಇವರು. ಹಿಡಿದ ಆನೆಯನ್ನು ಪಳಗಿಸಿದವರು ಇವರು. ಸರ್ಕಾರದ ತೇಗದ ಸಸಿಗಳನ್ನು ನೆಟ್ಟವರಲ್ಲಿಯೂ ಇವರುಂಟು. ದಸರೆಯ ಆನೆಗಳ ಮಾವುತರಲ್ಲಿ ಬಹುಮಂದಿ ಇವರೇ. ಅರಮನೆಯ ಆವರಣದಲ್ಲಿ ಅವರ ಸಂಸಾರಗಳು ಬಿಡಾರ ಹೂಡಿದ್ದುದನ್ನು ಈ ಸಲ ನಾವು ಕಂಡೆವು. ಮಕ್ಕಳಿಗಾಗಿ ಅಲ್ಲಿಯೇ ತಾತ್ಕಾಲಿಕವಾದ ಶಾಲೆಯನ್ನು ನಡೆಸುತ್ತಾರೆ. ಮಾವುತನೊಬ್ಬನ ಹೆಂಡತಿಯು ಒಲೆಯ ಮುಂದೆ ಕುಳಿತಿದ್ದಳು. ನಮ್ಮಂತೆ ಬಂದವರು ಆನೆಯ ಪಕ್ಕದಲ್ಲಿ ನಿಂತು ಚಿತ್ರ ಹಿಡಿಸಿಕೊಳ್ಳುತ್ತಿದ್ದರು. ಕಾಡಿನಲ್ಲಿ ನಿಮಗೆ ಭಯವಿಲ್ಲವೆ ಎಂದು ನಮ್ಮ ಮನೆಯವರು ಕೇಳಿದಾಗ, “ಇಲ್ಲಿ ರಸ್ತೆ ದಾಟೋಕೇ ಭಯ ಅಮ್ಮ” ಎಂದಳು.

ಈ ಜನರಲ್ಲಿ ಅನೇಕ ಕುಟುಂಬಗಳನ್ನು ೧೯೭೦ರ ದಶಕದಿಂದೀಚೆಗೆ ಕಾಡಿನಿಂದ ಹೊರಡಿಸಲಾಯಿತು. ಕೆಲವರು ಕೊಡಗಿನ ಕಾಫಿ ತೋಟಗಳ ಲೈನು ಮನೆಗಳನ್ನು ಸೇರಿದರು. ಮುಂದೆ ಪುನರ್ವಸತಿಯ ಏರ್ಪಾಟುಗಳಾದುವು. ಹುಣಸೂರಿನ ಕಡೆಯ ನಾಗಾಪುರದಲ್ಲಿ ನೆಲವನ್ನೂ ಮನೆಯನ್ನೂ ಕೊಟ್ಟರು. ಹುಲಿಯ ಕಾಡನ್ನು ತಾವಾಗಿ ಬಿಟ್ಟು ಬರುವ ಕುಟುಂಬಕ್ಕೆ ೨೦೦೮ರಲ್ಲಿ ಹತ್ತು ಲಕ್ಷ ರೂಪಾಯಿಗಳೆಂದೂ, ೨೦೨೧ರಲ್ಲಿ ಹದಿನೈದು ಲಕ್ಷವೆಂದೂ ಗೊತ್ತುಮಾಡಿದರು. ಶಾಲೆಯೂ ಆಸ್ಪತ್ರೆಯೂ ಹತ್ತಿರವಾದುವೆಂದು ಮನಸ್ಸಾರೆ ಬಂದವರೂ ಇದ್ದಾರೆ; ಅವರ ಮಾತನ್ನು ಅಡಗಿಸಿ ಬರೆಯುವುದು ನ್ಯಾಯವಲ್ಲ. ಹಾಗೆಯೇ, ೨೦೦೬ರ ಅರಣ್ಯ ಹಕ್ಕು ಕಾಯಿದೆಯನ್ನು ಮುಂದಿಟ್ಟು, ತಮ್ಮ ದೇವರೂ ಹಿರಿಯರ ಗೋರಿಗಳೂ ಇರುವ ಕರಡಿಕಲ್ಲು ಅತ್ತೂರು ಕೊಲ್ಲಿಗೆ ಐವತ್ತಕ್ಕೆ ಮೇಲ್ಪಟ್ಟ ಜೇನು ಕುರುಬ ಕುಟುಂಬಗಳು ೨೦೨೫ರ ಮೇ ತಿಂಗಳಲ್ಲಿ ಮರಳಿ ಹೋಗಿ ಗುಡಿಸಲು ಹಾಕಿದುದನ್ನೂ ಹೇಳಲೇಬೇಕು. ಹಿಂದೆ ಇದೇ ನಾಗರಹೊಳೆಯೊಳಗೆ ಒಂದು ದೊಡ್ಡ ಹೋಟೆಲಿಗೆ ಕಟ್ಟಡವನ್ನು ಗುತ್ತಿಗೆ ಕೊಟ್ಟಿದ್ದರು. ಆದಿವಾಸಿಗಳು ಎದ್ದು ನಿಂತು ತಡೆದರು. ೧೯೯೭ರಲ್ಲಿ ಉಚ್ಚ ನ್ಯಾಯಾಲಯವು ಆ ಗುತ್ತಿಗೆಯು ಕಾಯಿದೆಗೆ ವಿರುದ್ಧವೆಂದು ತೀರ್ಪಿತ್ತಿತು. ಗುಡಿಸಲಿನಿಂದ ಕಾಡು ಕೆಡುವುದು, ಹೋಟೆಲಿನಿಂದ ಕೆಡದು ಎಂಬ ತರ್ಕವು ಹಾಡಿಯವರಿಗೆ ಅರ್ಥವಾಗಲಿಲ್ಲ. ನಮಗೂ ಆಗುವುದಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಿಷಯವನ್ನೂ ಇಲ್ಲಿ ಹೇಳುವುದು ಉಚಿತ. ಅದಕ್ಕೂ ನಮ್ಮ ಮುದುಕರ ರಾಗಿಗೂ ಸಂಬಂಧವುಂಟು. ಮರಗಳ ಎಲೆಯುದುರಿದ ಕಾಲದಲ್ಲಿ ಸೋಲಿಗರು ನೆಲದ ತರಗಿಗೆ ಮೆಲ್ಲನೆಯ ಬೆಂಕಿಯಿಡುತ್ತಿದ್ದರು. ತರಗು ಬೆಂಕಿಯೆಂದು ಅದರ ಹೆಸರು. ಬೆಂಕಿ ಮೊಣಕಾಲೆತ್ತರಕ್ಕೆ ಏಳದೆ ಹರಿದು ಹೋಗುವುದು, ಮಳೆ ಬಿದ್ದೊಡನೆ ಹುಲ್ಲು ಚಿಗುರುವುದು. ಅಭಯಾರಣ್ಯವಾದ ಮೇಲೆ ಇದು ಅಪರಾಧವಾಯಿತು. ಬೆಂಕಿ ನಿಂತಿತು, ಲಂಟಾನ ಹಬ್ಬಿತು ಎಂದು ಸೋಲಿಗರು ಹೇಳುತ್ತಾರೆ. ಈ ಲಂಟಾನವು ಅಮೆರಿಕದ ಉಷ್ಣಸೀಮೆಯದು. ಹೂವಿನ ಚೆಂದಕ್ಕೆ ಬ್ರಿಟಿಷರು ತೋಟಗಳಿಗೆ ತಂದದ್ದು, ಇಂದು ಕಾಡನ್ನೇ ನುಂಗುತ್ತಿದೆ. ಅದರ ಕೆಳಗೆ ಹುಲ್ಲು ಬೆಳೆಯದು. ಹುಲ್ಲಿಲ್ಲದ ಕಾಡಿನ ಆನೆ ರಾಗಿಯ ಹೊಲವನ್ನು ಅರಸುವುದರಲ್ಲಿ ಆಶ್ಚರ್ಯವೇನು? ಪ್ರವಾಸಿಗಳಿಗೆ ಮಾತ್ರ ಲಂಟಾನವೂ ಹಸುರೇ; ನಮ್ಮ ವಾಹನದಲ್ಲಿದ್ದವರೊಬ್ಬರು ಅದರ ಹೂವನ್ನು ಹೊಗಳಿದರು. ಇತ್ತ ಅರಣ್ಯದ ಅಧಿಕಾರಿಗಳ ಅಂಜಿಕೆಯೂ ಸುಳ್ಳಲ್ಲ. ೨೦೧೯ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತ ಬಿದ್ದ ಬೆಂಕಿಯು ಸಾವಿರಾರು ಎಕರೆಯನ್ನು ಸುಟ್ಟಿತು. ತಿಳಿದವನು ಇಟ್ಟ ಬೆಂಕಿಗೂ ಕೇಡಿಗನು ಇಟ್ಟ ಬೆಂಕಿಗೂ ಕಾಯಿದೆಯಲ್ಲಿ ಭೇದವನ್ನು ಬರೆಯುವುದು ಸುಲಭವಲ್ಲ. ಸೋಲಿಗರಿಗೆ ೨೦೧೧ರಲ್ಲಿ ಅಲ್ಲಿಯ ಕಾಡಿನ ಮೇಲೆ ಸಮುದಾಯದ ಹಕ್ಕುಪತ್ರಗಳು ದೊರೆತುವು. ಅವರಲ್ಲಿ ಹುಲಿಗೆ ಹುಲಿವೀರಪ್ಪನೆಂದು ಹೆಸರು, ಪೂಜೆ.

ಇಷ್ಟಾದರೂ ಕಾಡನ್ನು ಕಾದುದರಿಂದ ಕಾಡು ಉಳಿಯಿತೆಂಬುದು ಸತ್ಯ. ೨೦೨೨ರ ಎಣಿಕೆಯಲ್ಲಿ ಬಂಡೀಪುರದಲ್ಲಿ ೧೫೦, ನಾಗರಹೊಳೆಯಲ್ಲಿ ೧೪೧ ಹುಲಿಗಳೆಂದು ಲೆಕ್ಕ ಬಂದಿತು. ಇಡೀ ದೇಶದಲ್ಲಿ ಇವಕ್ಕಿಂತ ಮುಂದಿದ್ದುದು ಕಾರ್ಬೆಟ್ ಒಂದೇ. ಕಾವಲು ಶಿಬಿರಗಳಲ್ಲಿ ಅಲ್ಪ ಸಂಬಳಕ್ಕೆ ಕಾಲ್ನಡಿಗೆಯಲ್ಲಿ ಗಸ್ತು ತಿರುಗುವ ಕಾವಲುಗಾರರಲ್ಲಿ ಬಹುಮಂದಿ ಇದೇ ಹಾಡಿಗಳ, ಇದೇ ಹಳ್ಳಿಗಳ ಮಕ್ಕಳು. ಅವರ ಚಿತ್ರವನ್ನು ಯಾರೂ ಹಿಡಿಯುವುದಿಲ್ಲ. ಹುಲಿ ಹೆಚ್ಚಿದರೆ ಪ್ರಾಯದ ಗಂಡುಹುಲಿಗೆ ತನ್ನದೆನ್ನುವ ಸೀಮೆ ಬೇಕು. ಮುಪ್ಪಾದುದು ಹಲ್ಲು ಸವೆದು ಅಂಚಿಗೆ ಬರುತ್ತದೆ. ಆ ಅಂಚಿನಲ್ಲಿ ನಮ್ಮ ಮುದುಕರ ಕೊಟ್ಟಿಗೆಯಿದೆ.

ನಾವು ಊರಿಗೆ ಬಂದ ಕೆಲವು ವಾರಗಳಲ್ಲಿಯೇ ಆ ಸೀಮೆಯಿಂದ ಕೆಟ್ಟ ಸುದ್ದಿಗಳು ಬಂದುವು. ಹುಲಿಯ ದಾಳಿಗೆ ಒಬ್ಬರ ಮೇಲೊಬ್ಬರಂತೆ ರೈತರು ಬಲಿಯಾದರು. ೨೦೨೫ರ ನವೆಂಬರಿನಲ್ಲಿ ಸರ್ಕಾರವು ಬಂಡೀಪುರ, ನಾಗರಹೊಳೆಗಳೆರಡರಲ್ಲಿಯೂ ಸಫಾರಿಯನ್ನು ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಹಚ್ಚಿತು. ವಾಹನಗಳ ಗದ್ದಲಕ್ಕೆ ಬೇಸತ್ತು ಹುಲಿಯು ಹೊರಬೀಳುತ್ತದೆಂದು ರೈತರು ದೂರಿದರು. ಅದಕ್ಕೆ ಆಧಾರವೆಲ್ಲಿ, ವಾಹನ ಹೋಗದ ಕಾಡುಗಳಿಂದಲೂ ಹುಲಿ ಹೊರಗೆ ಬರುವುದಿಲ್ಲವೆ ಎಂದು ಇತರರು ಕೇಳಿದರು. ಹುಲಿ ಏಕೆ ಹೊರಟಿತೆಂಬುದನ್ನು ಹುಲಿಯೇ ಹೇಳಬೇಕು. ಆದರೆ ಹೆಣವನ್ನು ಮನೆಯ ಮುಂದೆ ಇಟ್ಟುಕೊಂಡು ಕುಳಿತವರ ಬಳಿ ಅಂಕಿ ಅಂಶಗಳ ತರ್ಕವನ್ನು ಹೂಡುವುದು ಸಲ್ಲದೆಂದು ನಮಗೆ ತೋರಿತು. ನಮ್ಮ ಸ್ನೇಹಿತರೊಬ್ಬರು ಮುಂಗಡ ಹಣ ಕಟ್ಟಿದ್ದವರು, “ನಮ್ಮ ರಜೆ ಹಾಳಾಯಿತಲ್ಲ” ಎಂದು ಪೇಚಾಡಿದರು. ಅವರು ಕೆಟ್ಟವರಲ್ಲ. ಹೊಲದ ಅಟ್ಟಣೆಯನ್ನು ಕಂಡಿರದಿದ್ದರೆ ನಾವೂ ಹಾಗೆಯೇ ಅನ್ನುತ್ತಿದ್ದೆವೇನೋ.

ಚಾಲಕನಿಗೆ ದೂರವಾಣಿಯಲ್ಲಿ ಕೇಳಿದೆವು. ಕೆಲಸವಿಲ್ಲದೆ ಮನೆಯಲ್ಲಿದ್ದನು, ರಾತ್ರಿ ತಂದೆಯ ಬದಲಿಗೆ ತಾನೇ ಅಟ್ಟಣೆಯ ಮೇಲಿರುವುದಾಗಿ ಹೇಳಿದನು. “ಅಪ್ಪಂಗೆ ಇಷ್ಟು ದಿನ ಆದ್ಮೇಲೆ ನಿದ್ದೆ ಸಿಕ್ಕಿದೆ ಸಾರ್, ಆದ್ರೆ ನಿದ್ದೆ ಬರ್ತಿಲ್ಲ” ಎಂದನು. ಸಫಾರಿ ನಿಂತದ್ದು ಸರಿಯೋ ತಪ್ಪೋ ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆಯಲ್ಲಿ ಆ ಮಾತನ್ನು ಈಗ ಆಡುವುದಿಲ್ಲವೆಂದನು.

ಸಂಕ್ರಾಂತಿಗೆ ಮುಂಚೆ ಮೈಸೂರಿಗೆ ಬಂದಿದ್ದ ಅವರ ಊರಿನವರೊಬ್ಬರ ಕೈಯಲ್ಲಿ ಹತ್ತು ಸೇರು ಹೊಸ ರಾಗಿಯನ್ನು ಮುದುಕರು ಕಳುಹಿಸಿದ್ದರು. ಎರಡು ಸಲ ಆನೆ ಬಂದು ಹೋಯಿತಂತೆ. ಕಾಲುಭಾಗ ಹೋಯಿತು, ಉಳಿದದ್ದು ಮನೆ ಸೇರಿತು. ಬೆಲೆ ತೆಗೆದುಕೊಳ್ಳಲೊಲ್ಲರು. ನಮ್ಮ ಮನೆಯವರು ಆ ಹೆಂಗಸಿಗೆಂದು ಒಂದು ಸೀರೆಯನ್ನೂ, ಹುಡುಗನು ತನ್ನ ಹೊಸ ಬ್ಯಾಟರಿ ದೀಪವನ್ನೂ ಅದೇ ಕೈಯಲ್ಲಿ ಕಳುಹಿಸಿದರು. ರಾಗಿಯನ್ನು ಬೀಸಿಸಿ ಡಬ್ಬಿಗೆ ತುಂಬಿದ್ದಾಗಿದೆ.